563119 ಅಂದ್ರೆ ಮಾರಿಕುಪ್ಪಂ

ಕೆಜಿಎಫ್ ಅಂದ ಕೂಡಲೇ ಈಗ ಎಲ್ಲರಿಗೂ ಸಿನಿಮಾ ನೆನಪಾಗತ್ತೆ. ನನ್ನ ಕಣ್ಣು ಮಾತ್ರ ಅಲ್ಲಿನ ಪಿನ್‌ಕೋಡುಗಳ ಮೇಲೆ! ಚಾಂಪಿಯನ್ ರೀಫ್ 563117, ಕೋರಮಂಡಲ್ 563118, ಮಾರಿಕುಪ್ಪಂ 563119, ಊರಿಗಾಂ 563120. ಎಲ್ಲಾ ಒಂದೇ ಚಿನ್ನದ ಗಣಿಯ ಊರೊಳಗೆ.

1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. ಗಣಿಗಿಳಿದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಯವರು. ಅವರವರ ಊರಿನ ಕಾಗದದ ಮೇಲೆ ಅವರವರ ಲಿಪಿ. ಓದೋಕೆ ಬಾರದ ಲಿಪಿ, ಒಂದೇ ಹೆಸರಿನ ಹತ್ತಾರು ಊರು... ಈ ತಲೆನೋವು ಇಡೀ ದೇಶದ ಅಂಚೆಯವರಿಗಿತ್ತು. ಅದಕ್ಕೇ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಆರಂಕಿಯ ಪಿನ್‌ಕೋಡು 1972ರ ಆಗಸ್ಟ್ 15ರಂದು ಜಾರಿಗೆ ಬಂತು.

ಲೆಕ್ಕ ಸರಳ. ಮೊದಲ ಅಂಕಿ 5 ಅಂದ್ರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. 56 ಬೆಂಗಳೂರು ಸುತ್ತಿನ ಉಪವಲಯ. 563 ಕೋಲಾರದ ಕಡೆಯ ವಿಂಗಡಣಾ ಜಿಲ್ಲೆ. ಕೊನೆಯ 119 ಮಾರಿಕುಪ್ಪಂ ಅಂಚೆ ಕಚೇರಿ. ಗುವಾಹಟಿಯಲ್ಲಿ ಕಾಗದ ವಿಂಗಡಿಸೋರಿಗೆ ಮಾರಿಕುಪ್ಪಂ ಎಲ್ಲಿದೆ ಅಂತ ಗೊತ್ತಿರಬೇಕಿಲ್ಲ. ಮೊದಲ ಅಂಕಿಗಳನ್ನು ನೋಡಿ ಚೀಲಕ್ಕೆ ಹಾಕಿದರೆ ಸಾಕು. ಕಾಗದ ಹತ್ತಿರ ಬಂದ ಹಾಗೆ ಮುಂದಿನ ಅಂಕಿಗಳು ಕೆಲಸಕ್ಕೆ ಬರ್ತವೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಎಷ್ಟೋ ಜನ ಈಗ ಕೆಲಸಕ್ಕಾಗಿ ಬೆಂಗಳೂರಿಗೆ ರೈಲು ಹತ್ತುತ್ತಾರೆ. ಚಿನ್ನ ತೆಗೆಯೋದು ನಿಂತರೂ ಚಾಂಪಿಯನ್ ರೀಫ್, ಊರಿಗಾಂ ಅನ್ನೋ ಗಣಿಗಳ ಹೆಸರು ಅಂಚೆಯಲ್ಲಿ ಉಳಿದಿದೆ. ಅಲ್ಲಿಗೆ ಕಾಗದ ಬರೆಯೋದಿದ್ರೆ ಬರೀ 'ಕೆಜಿಎಫ್' ಅಂತ ಬರೆದು ಬಿಟ್ಟುಬಿಡಬೇಡಿ. ಕೊನೆಯ ಮೂರಂಕಿಯಲ್ಲೇ ಆ ಊರುಗಳ ಗುರುತಿದೆ, ಅಲ್ವೇ?