ಹಾಡಿನ ನಕಲೂ ಹಾಡಿನ ಬೆಲೆಯೂ

1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಗಳ ರಾಗಸಂಯೋಜನೆಯಲ್ಲಿ ‘ನಿತ್ಯೋತ್ಸವ’ವೆಂಬ ಕ್ಯಾಸೆಟ್ಟಾಗಿ ಹೊರಬಂದಾಗ, ಅದುವರೆಗೆ ಆಕಾಶವಾಣಿಯ ನಿಯತ ವೇಳೆಗೆ ಕಿವಿಗೊಟ್ಟು ಕಾಯಬೇಕಾಗಿದ್ದ ಭಾವಗೀತೆಯು ಕನ್ನಡಿಗನ ಮನೆಯ ಗೂಡಿನಲ್ಲಿ ನೆಲಸಿ, ಆತನು ಇಚ್ಛಿಸಿದ ಗಳಿಗೆಯಲ್ಲಿ ಹಾಡತೊಡಗಿತು. ಆದರೆ ಯಾವ ಯಂತ್ರವು ಹಾಡನ್ನು ಮನೆಗೆ ತಂದಿತೋ ಅದೇ ಯಂತ್ರವು ಅದನ್ನು ನಕಲಿಸುವ ವಿದ್ಯೆಯನ್ನೂ ತಂದಿತು. ಪೈರಸಿಯಿಂದ ಮಾರಾಟವು ನಿಜವಾಗಿ ಕುಸಿಯುವುದೋ ಇಲ್ಲವೋ ಎಂದು ಇಂದು ಅಂತರ್ಜಾಲವನ್ನು ಕುರಿತು ನಡೆಯುತ್ತಿರುವ ವಾದವು ಆ ಟೇಪಿನ ಕಾಲದಲ್ಲಿಯೇ ಹುಟ್ಟಿದುದು.

ನಮ್ಮೂರಿನ ಬಸ್ ನಿಲ್ದಾಣದೆದುರು ಒಂದು ರೆಕಾರ್ಡಿಂಗ್ ಅಂಗಡಿಯಿದ್ದಿತು. ನೋಟುಬುಕ್ಕಿನ ಹಾಳೆಯಲ್ಲಿ ಬೇಕಾದ ಹಾಡುಗಳನ್ನು ಬರೆದು, ಒಂದು ಖಾಲಿ ಕ್ಯಾಸೆಟ್ಟಿನೊಡನೆ ಕೊಟ್ಟುಬಂದರೆ, ಎರಡು ದಿನಗಳಲ್ಲಿ ಹಾಡುಗಳೆಲ್ಲ ಅದರೊಳಗೆ ಸೇರಿರುತ್ತಿದ್ದವು. ಅಳಿಸಿಹೋಗದಿರಲೆಂದು ಅಂಗಡಿಯವನು ಕ್ಯಾಸೆಟ್ಟಿನ ನೆತ್ತಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಸ್ಕ್ರೂಡ್ರೈವರಿನಿಂದ ಮುರಿದು ಕೊಡುವನು. ಟೇಪು ಸಿಕ್ಕಿಕೊಂಡರೆ ನಾವು ಪೆನ್ಸಿಲು ತೂರಿಸಿ ಸುತ್ತುವೆವು. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಮುಂದುವರಿದಂತೆಲ್ಲ ‘ಸುಯ್’ ಎಂಬ ಸದ್ದು ಹೆಚ್ಚಿ ಗಾಯಕನ ಕಂಠವು ದೂರ ಸರಿಯುತ್ತಿದ್ದಿತು. ಇದು ಚೌರ್ಯವೆಂದು ನಮ್ಮಲ್ಲಿ ಒಬ್ಬರಿಗೂ ತೋರಲಿಲ್ಲವೆಂಬುದನ್ನು ನಾನು ಇಂದು ವಿಷಾದದಿಂದಲೇ ಸ್ಮರಿಸುತ್ತೇನೆ.

ಸರ್ಕಾರವು 1984ರಲ್ಲಿ ಕೃತಿಸ್ವಾಮ್ಯದ ಶಾಸನವನ್ನು ತಿದ್ದಿ, ನಕಲು ಮಾಡಿದವರಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಕಾರಾಗೃಹವಾಸವನ್ನು ವಿಧಿಸಿತು. ಆದರೂ ನಕಲಿ ಕ್ಯಾಸೆಟ್ಟಿನ ಹರಹನ್ನು ತಡೆದುದರಲ್ಲಿ ದಂಡನೆಗಿಂತ ಬೆಲೆಯ ಪಾತ್ರವೇ ಹಿರಿದೆಂದು ನನ್ನ ಅಭಿಪ್ರಾಯ. ದೆಹಲಿಯ ದರಿಯಾಗಂಜಿನ ಹಣ್ಣಿನ ರಸದ ವ್ಯಾಪಾರಿಯ ಮಗನಾದ ಗುಲ್ಶನ್ ಕುಮಾರರು, ಎರಡು ವರ್ಷಗಳ ಗಡುವು ಕಳೆದ ಹಾಡನ್ನು ಸೂಚನೆಯಿತ್ತು, ಗೌರವಧನ ತೆತ್ತು, ಬೇರೆ ಕಂಠಗಳಿಂದ ಹಾಡಿಸಬಹುದೆಂಬ ಶಾಸನದ ಅವಕಾಶವನ್ನು ಬಳಸಿಕೊಂಡು, ಅಗ್ಗದ ಕ್ಯಾಸೆಟ್ಟುಗಳನ್ನು ಬೀಡಾ ಅಂಗಡಿ, ದಿನಸಿ ಅಂಗಡಿಗಳಿಗೂ ಮುಟ್ಟಿಸಿದರು. ಅಸಲು ಕ್ಯಾಸೆಟ್ಟು ಹೆಚ್ಚುಕಡಿಮೆ ನಕಲಿಯ ಬೆಲೆಗೇ ದೊರೆಯುವಂತಾದಾಗ ನಕಲಿಯ ಆಕರ್ಷಣೆ ತಾನಾಗಿಯೇ ಕುಗ್ಗಿತು.

ಅಮೆರಿಕದಲ್ಲಿ ಇದೇ ಕಥೆ ಬೇರೊಂದು ರೂಪದಲ್ಲಿ ನಡೆಯಿತು. 1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಬಾಸ್ಟನ್ನಿನ ತರುಣ ವಿದ್ಯಾರ್ಥಿಯು ನಿರ್ಮಿಸಿದ ನ್ಯಾಪ್‌ಸ್ಟರ್, ಹಾಡಿನ ಕಡತಗಳನ್ನು ಅಪರಿಚಿತರು ಪರಸ್ಪರ ಹಂಚಿಕೊಳ್ಳುವಂತೆ ಮಾಡಿತು. ಇಲ್ಲಿ ಪ್ರತಿಯ ಪ್ರತಿಗೂ ಸುಯ್ಯೆಂಬ ಸದ್ದಿರಲಿಲ್ಲ, ಸಾವಿರನೆಯದೂ ಮೊದಲಿನದರಂತೆಯೇ ಇದ್ದಿತು. ನ್ಯಾಯಾಲಯದ ಆಜ್ಞೆಯಿಂದ ಅದು 2001ರಲ್ಲಿ ನಿಂತಿತಾದರೂ ಆ ಅಭ್ಯಾಸವು ನಿಲ್ಲಲಿಲ್ಲ. 1999ರಲ್ಲಿ ಸುಮಾರು 1,460 ಕೋಟಿ ಡಾಲರುಗಳಷ್ಟಿದ್ದ ಆ ದೇಶದ ಧ್ವನಿಮುದ್ರಿಕೆಗಳ ವರಮಾನವು 2014ರ ವೇಳೆಗೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಈ ಪತನಕ್ಕೆ ಡೌನ್‌ಲೋಡ್ ಕಾರಣವಲ್ಲವೆಂದೂ, ಮಾರಾಟದ ಮೇಲೆ ಅದರ ಪರಿಣಾಮವು ಶೂನ್ಯಕ್ಕೆ ಸಮೀಪವೆಂದೂ ಓಬರ್‌ಹೋಲ್ಜರ್-ಗೀ ಮತ್ತು ಸ್ಟ್ರಂಫ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಾದಿಸಿದರೆ, ಲೀಬೋವಿಟ್ಸ್ ಎಂಬ ಮತ್ತೊಬ್ಬರು ಅವರ ಗಣನೆಯನ್ನೇ ಪ್ರಶ್ನಿಸಿದರು. ಇಡೀ ಸಿ.ಡಿ.ಯ ಬದಲು 2003ರಿಂದ ಒಂದೊಂದೇ ಹಾಡು 99 ಸೆಂಟಿಗೆ ದೊರೆಯತೊಡಗಿದುದೂ ವರಮಾನವನ್ನು ಇಳಿಸಿರಬೇಕು. ಆದರೂ ಇಷ್ಟು ದೊಡ್ಡ ಕುಸಿತದಲ್ಲಿ ನಕಲಿನ ಕೈವಾಡವು ಏನೂ ಇಲ್ಲವೆಂಬ ಮಾತನ್ನು ನಾನಂತೂ ಒಪ್ಪಲಾರೆನು.

ಚಲನಚಿತ್ರದ ವಿಷಯ ಹೆಚ್ಚು ಸ್ಪಷ್ಟ. ಯೂರೋಪಿಯನ್ ಒಕ್ಕೂಟವು ಮಾಡಿಸಿ, 2017ರಲ್ಲಿ ಬೆಳಕಿಗೆ ಬಂದ ಅಧ್ಯಯನವೊಂದರಲ್ಲಿ ಸಂಗೀತ, ಪುಸ್ತಕಗಳ ಮಾರಾಟಕ್ಕೆ ಪೈರಸಿಯಿಂದ ಹಾನಿಯಾಯಿತೆಂಬುದಕ್ಕೆ ದೃಢವಾದ ಪುರಾವೆ ದೊರೆಯಲಿಲ್ಲ; ಆದರೆ ಹೊಸತಾಗಿ ಬಿಡುಗಡೆಯಾದ ಜನಪ್ರಿಯ ಚಿತ್ರಗಳಲ್ಲಿ ಪ್ರತಿ 10 ಕಳ್ಳ ವೀಕ್ಷಣೆಗಳಿಗೆ ಸಕ್ರಮವಾದ 4 ವೀಕ್ಷಣೆಗಳು ನಷ್ಟವಾಗುವುದೆಂದು ಕಂಡುಬಂದಿತು.

ಈ ಲೆಕ್ಕಗಳೆಲ್ಲವೂ ಉದ್ಯಮದ ಒಟ್ಟು ಮೊತ್ತವನ್ನು ಅಳೆಯುವವೇ ಹೊರತು, ಹಾಡು ಕಟ್ಟಿದವನ ಪಾಲನ್ನು ಅಳೆಯುವವಲ್ಲ. ಹಿಂದಿಯಂತಹ ವಿಸ್ತಾರವಾದ ಪೇಟೆಯಲ್ಲಿ ನಕಲು ತಿಂದುದನ್ನು ಕೇಳುಗರ ಸಂಖ್ಯೆಯು ತುಂಬಿಕೊಟ್ಟೀತು. ಕೇಳುಗರ ವಲಯವು ಚಿಕ್ಕದಾದ ಕನ್ನಡ ಭಾವಗೀತೆಗೆ ಅಂಥ ಆಸರೆಯಿಲ್ಲ. ಇದರ ಮೇಲೆ, ಸಕ್ರಮವಾಗಿ ಮಾರಾಟವಾದ ಪ್ರತಿಯಿಂದಲೂ ಕವಿಗೆ, ರಾಗಸಂಯೋಜಕನಿಗೆ ನಿರಂತರವಾಗಿ ಹಣ ಬರುವುದೆಂಬ ಭರವಸೆಯಿರಲಿಲ್ಲ. ಹಕ್ಕನ್ನೆಲ್ಲ ಕಂಪನಿಗೆ ಒಮ್ಮೆ ಬರೆದುಕೊಟ್ಟರೆ ಅಲ್ಲಿಗೆ ಮುಗಿಯುತ್ತಿದ್ದಿತು. ನಕಲುಗಾರನನ್ನು ದೂಷಿಸಿದ ಕಂಪನಿಗಳು ಈ ಅನ್ಯಾಯವನ್ನು ತಾವಾಗಿ ಸರಿಪಡಿಸಲಿಲ್ಲ. ಗೀತರಚನಕಾರರೂ ಸಂಯೋಜಕರೂ ತಮ್ಮ ಗೌರವಧನದ ಪಾಲನ್ನು ಕಂಪನಿಗಳಿಗೆ ಬಿಟ್ಟುಕೊಡುವಂತೆ ಕರಾರು ಮಾಡಿಸಿಕೊಳ್ಳಕೂಡದೆಂಬ ನಿಯಮವು ಶಾಸನಕ್ಕೆ ಸೇರಿದುದು 2012ರಲ್ಲಿ. ಆ ವೇಳೆಗೆ ಕ್ಯಾಸೆಟ್ಟೇ ಅಂಗಡಿಗಳಿಂದ ಮಾಯವಾಗಿದ್ದಿತು. ಮೈಸೂರು ಅನಂತಸ್ವಾಮಿಗಳು ತೀರಿಕೊಂಡು 17 ವರ್ಷಗಳಾಗಿದ್ದವು.