ವಾಸದ ಹಕ್ಕು ಮತ್ತು ಮತದ ಹಕ್ಕು: ಅಮೆರಿಕದ ಉಪನಗರಗಳ ಒಂದು ಸಮೀಕ್ಷೆ

ಮತಗಟ್ಟೆಗೆ ಬಂದವನು ತಾನು ಇಂಥವನೆಂದು ರುಜುಪಡಿಸಬೇಕೆಂಬ ನಿಯಮವು ಭಾರತದ ವಾಚಕರಿಗೆ ಮೇಲುನೋಟಕ್ಕೆ ತೀರ ಸಹಜವಾದುದೆಂದು ತೋರಬಹುದು. ನಮ್ಮ ದೇಶದಲ್ಲಿ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆಯನ್ನು ಸಂವಿಧಾನವು ಚುನಾವಣಾ ಆಯೋಗಕ್ಕೆ ವಹಿಸಿದೆ. ೧೯೯೩ರಲ್ಲಿ ಭಾವಚಿತ್ರಸಹಿತವಾದ ಗುರುತಿನ ಚೀಟಿಯನ್ನು ಕೊಡುವ ಏರ್ಪಾಟನ್ನು ಕೈಕೊಂಡದ್ದೂ ಅದೇ ಆಯೋಗವೇ. ಅಮೆರಿಕ ಸಂಯುಕ್ತ ಸಂಸ್ಥಾನಗಳ ವ್ಯವಸ್ಥೆ ಇದಕ್ಕಿಂತ ಭಿನ್ನವಾದುದು. ಅಲ್ಲಿ ಚುನಾವಣೆಗಳನ್ನು ನಡೆಸತಕ್ಕವು ಆಯಾ ಸಂಸ್ಥಾನಗಳು ಮತ್ತು ಅವುಗಳ ಅಂಗವಾದ ಕೌಂಟಿಗಳು. ದೇಶಕ್ಕೆಲ್ಲ ಒಂದೇ ಆದ ಗುರುತಿನ ಚೀಟಿ ಅಲ್ಲಿಲ್ಲ. ಪಟ್ಟಿಯಲ್ಲಿ ಹೆಸರನ್ನು ಸೇರಿಸಿಕೊಳ್ಳುವ ಹೊಣೆಯೂ ಬಹುಕಾಲ ಪ್ರಜೆಯ ಮೇಲೆಯೇ ಇದ್ದಿತು. ಆದಕಾರಣ ಗುರುತಿನ ಪ್ರಶ್ನೆ ಅಲ್ಲಿ ಕೇವಲ ಕಚೇರಿಯ ಕ್ರಮಕ್ಕೆ ಸಂಬಂಧಿಸಿದ್ದಾಗಿ ಉಳಿಯದೆ ರಾಜಕೀಯ ಹೋರಾಟದ ವಸ್ತುವಾಗಿ ಪರಿಣಮಿಸಿದೆ.

ಈ ವಿವಾದವನ್ನು ಪಕ್ಷಗಳ ಲಾಭನಷ್ಟದ ದೃಷ್ಟಿಯಿಂದ ನೋಡುವುದೇ ವಾಡಿಕೆ. ಚರಿತ್ರೆಯ ವಿದ್ಯಾರ್ಥಿಯು ಇನ್ನೊಂದು ದೃಷ್ಟಿಯಿಂದಲೂ ಇದನ್ನು ಪರ್ಯಾಲೋಚಿಸುವುದು ಉಚಿತ. ಒಂದು ಊರಿನಲ್ಲಿ ಮನೆ ಮಾಡಿಕೊಂಡಿರಲು ಯಾರು ಅರ್ಹರೆಂಬ ಪ್ರಶ್ನೆಯೂ ಅಲ್ಲಿ ಮತ ಕೊಡಲು ಯಾರು ಅರ್ಹರೆಂಬ ಪ್ರಶ್ನೆಯೂ ಅಮೆರಿಕದ ಚರಿತ್ರೆಯಲ್ಲಿ ಜೊತೆಜೊತೆಯಾಗಿ ಬೆಳೆದುಬಂದಿವೆ. ಇವೆರಡೂ ಒಂದನ್ನೊಂದು ಸಂಧಿಸುವ ಸ್ಥಳವೇ ಉಪನಗರ. ಈ ಸಂಬಂಧವನ್ನು, ವಿಶೇಷವಾಗಿ ಜಾರ್ಜಿಯ ಸಂಸ್ಥಾನದ ಅಟ್ಲಾಂಟ ನಗರದ ಸುತ್ತಣ ಪ್ರದೇಶದ ನಿದರ್ಶನದಿಂದ, ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

೧. ನೋಂದಣಿಯ ಹಿನ್ನೆಲೆ

ಮತದಾರರ ಹೆಸರುಗಳನ್ನು ಚುನಾವಣೆಗೆ ಮೊದಲೇ ನೋಂದಾಯಿಸುವ ಪದ್ಧತಿಯನ್ನು ಮ್ಯಾಸಚೂಸೆಟ್ಸ್ ಸಂಸ್ಥಾನವು ೧೮೦೦ರಲ್ಲಿ ಜಾರಿಗೆ ತಂದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಲಸೆಗಾರರಿಂದ ತುಂಬಿದ ದೊಡ್ಡ ಪಟ್ಟಣಗಳಿಗೆ ಈ ಪದ್ಧತಿ ಹಬ್ಬಿತು. ಸುಳ್ಳು ಮತಗಳನ್ನು ತಡೆಯುವುದು ಅದರ ಉದ್ದೇಶವೆಂದು ಹೇಳಲಾಗುತ್ತಿತ್ತು, ಮತ್ತು ಅಂಥ ಮತಗಳು ಆ ಕಾಲದಲ್ಲಿ ಇಲ್ಲದೆಯೂ ಇರಲಿಲ್ಲ. ಆದರೆ ಮೇಲಿಂದ ಮೇಲೆ ಬಿಡಾರ ಬದಲಾಯಿಸುತ್ತಿದ್ದ ಕೂಲಿಕಾರನಿಗೆ ನಿಗದಿಯಾದ ದಿನ ಕಚೇರಿಗೆ ಹೋಗಿ ಹೆಸರು ಬರೆಯಿಸುವುದು ಸುಲಭವಾಗಿರಲಿಲ್ಲ. ಸ್ವಂತ ಮನೆಯಲ್ಲಿ ನೆಲೆನಿಂತವನಿಗೆ ಅದು ತೊಡಕೆನಿಸುತ್ತಿರಲಿಲ್ಲ. ದಕ್ಷಿಣದಲ್ಲಿ ಈ ಸಾಧನವನ್ನು ಇನ್ನೂ ಕ್ರೂರವಾಗಿ ಬಳಸಲಾಯಿತು. ೧೮೯೦ರ ಮಿಸಿಸಿಪ್ಪಿ ಸಂವಿಧಾನವು ತಲೆಗಂದಾಯ, ಅಕ್ಷರಪರೀಕ್ಷೆ, ದೀರ್ಘಕಾಲದ ವಾಸ ಮುಂತಾದ ನಿಬಂಧನೆಗಳನ್ನು ವಿಧಿಸಿತು. ಅವುಗಳಲ್ಲಿ ಎಲ್ಲಿಯೂ ವರ್ಣದ ಹೆಸರೆತ್ತದೆ ಕಪ್ಪುಜನರನ್ನು ಮತದಾರರ ಪಟ್ಟಿಯಿಂದ ಹೊರಗಿಡಲಾಯಿತು. ನೆರೆಯ ಸಂಸ್ಥಾನಗಳು ಆ ಮಾದರಿಯನ್ನೇ ಅನುಸರಿಸಿದವು.

೧೯೬೪ರಲ್ಲಿ ಸಂವಿಧಾನದ ಇಪ್ಪತ್ತನಾಲ್ಕನೆಯ ತಿದ್ದುಪಡಿಯು ರಾಷ್ಟ್ರೀಯ ಚುನಾವಣೆಗಳಲ್ಲಿ ತಲೆಗಂದಾಯವನ್ನು ನಿಷೇಧಿಸಿತು. ೧೯೬೫ರ ಮತದಾನದ ಹಕ್ಕುಗಳ ಶಾಸನವು ಅಕ್ಷರಪರೀಕ್ಷೆಯನ್ನು ದಕ್ಷಿಣದ ಬಹುಭಾಗದಲ್ಲಿ ನಿಲ್ಲಿಸಿತು. ಅಷ್ಟೇ ಅಲ್ಲದೆ, ಭೇದಭಾವದ ಪೂರ್ವಚರಿತ್ರೆಯುಳ್ಳ ಪ್ರದೇಶಗಳು ತಮ್ಮ ಚುನಾವಣಾ ನಿಯಮಗಳನ್ನು ಬದಲಾಯಿಸುವ ಮೊದಲು ಕೇಂದ್ರದ ಸಮ್ಮತಿಯನ್ನು ಪಡೆಯಬೇಕೆಂದೂ ವಿಧಿಸಿತು. ವಾಸದ ಅವಧಿಯ ಪ್ರಶ್ನೆ ೧೯೭೨ರಲ್ಲಿ ಇತ್ಯರ್ಥವಾಯಿತು. ನ್ಯಾಷ್‌ವಿಲ್ ನಗರಕ್ಕೆ ಹೊಸದಾಗಿ ಬಂದಿದ್ದ ಒಬ್ಬ ಕಾನೂನಿನ ಅಧ್ಯಾಪಕರಿಗೆ, ಸಂಸ್ಥಾನದಲ್ಲಿ ಒಂದು ವರ್ಷ ವಾಸಮಾಡಿಲ್ಲವೆಂಬ ಕಾರಣದಿಂದ, ಟೆನೆಸಿಯ ಅಧಿಕಾರಿಗಳು ನೋಂದಣಿಯನ್ನು ನಿರಾಕರಿಸಿದ್ದರು. ಅಷ್ಟು ದೀರ್ಘವಾದ ಅವಧಿ ಸಂವಿಧಾನಕ್ಕೆ ವಿರುದ್ಧವಾದುದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹೊಸದಾಗಿ ಬಂದು ನೆಲೆಸಿದವನೂ ಹಳಬನಷ್ಟೇ ಪ್ರಜೆ ಎಂಬ ತತ್ತ್ವ ಇದರಿಂದ ಸ್ಥಾಪಿತವಾಯಿತು. ಉಪನಗರಗಳ ಮುಂದಿನ ಚರಿತ್ರೆಗೆ ಈ ತತ್ತ್ವ ಬಹು ಮುಖ್ಯವಾದುದು.

೨. ಉಪನಗರದ ನಿರ್ಮಾಣ

ಅಮೆರಿಕದ ಉಪನಗರಗಳು ಜನರ ಇಚ್ಛೆಯಿಂದ ತಾವಾಗಿ ಬೆಳೆದುವೆಂಬ ಭಾವನೆ ಅರ್ಧಸತ್ಯ ಮಾತ್ರ. ೧೯೩೪ರಲ್ಲಿ ಸ್ಥಾಪಿತವಾದ ಫೆಡರಲ್ ಗೃಹನಿರ್ಮಾಣ ಆಡಳಿತವು ಮನೆಯ ಸಾಲಗಳಿಗೆ ಭರವಸೆ ನೀಡಿತು. ೧೯೪೪ರ ಶಾಸನವು ಯುದ್ಧದಿಂದ ಹಿಂತಿರುಗುವ ಸೈನಿಕರಿಗೆ ಸುಲಭ ಸಾಲವನ್ನು ಒದಗಿಸಿತು. ೧೯೫೬ರ ಹೆದ್ದಾರಿ ಶಾಸನವು ಹೊರವಲಯಗಳನ್ನು ನಗರಗಳಿಗೆ ಜೋಡಿಸಿತು. ಆದರೆ ಸಾಲದ ಭರವಸೆ ಎಲ್ಲರಿಗೂ ಸಮಾನವಾಗಿ ದೊರೆಯಲಿಲ್ಲ. ಕಪ್ಪುಜನರು ನೆಲೆಸಿದ್ದ ಬಡಾವಣೆಗಳನ್ನು ಅಪಾಯಕರವೆಂದು ಎಣಿಸಿ ಆ ಆಡಳಿತವು ಅವುಗಳಿಂದ ಬಹುಮಟ್ಟಿಗೆ ಕೈಹಿಂತೆಗೆಯಿತು. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ೧೯೪೭ರಿಂದ ಮೊದಲ್ಗೊಂಡು ನಾಲ್ಕೈದು ವರ್ಷಗಳಲ್ಲಿ ಹದಿನೇಳು ಸಾವಿರಕ್ಕೂ ಮಿಕ್ಕಿದ ಮನೆಗಳು ಎದ್ದುನಿಂತ ಲೆವಿಟ್‌ಟೌನಿನಲ್ಲಿ, ಬಿಳಿಯರಲ್ಲದವರು ವಾಸಿಸಕೂಡದೆಂಬ ಷರತ್ತು ಆರಂಭದ ಕರಾರುಪತ್ರಗಳಲ್ಲಿಯೇ ಇದ್ದಿತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ೧೯೪೮ರಲ್ಲಿ ತೀರ್ಮಾನಿಸಿದರೂ, ಮನೆಯ ಮಾರಾಟದಲ್ಲಿ ಮತ್ತು ಬಾಡಿಗೆಯಲ್ಲಿ ವರ್ಣಭೇದವನ್ನು ನಿಷೇಧಿಸುವ ರಾಷ್ಟ್ರೀಯ ಶಾಸನ ಬಂದದ್ದು ೧೯೬೮ರಲ್ಲಿ.

ಅಟ್ಲಾಂಟದ ಹೊರವಲಯವೂ ಇದಕ್ಕೆ ಹೊರತಾಗಿರಲಿಲ್ಲ. ನಗರದ ಉತ್ತರಕ್ಕಿರುವ ಫಾರ್ಸೈತ್ ಕೌಂಟಿಯಿಂದ ೧೯೧೨ರಲ್ಲಿ ಸುಮಾರು ಒಂದು ಸಾವಿರ ಮಂದಿ ಕಪ್ಪುನಿವಾಸಿಗಳನ್ನು ಹಿಂಸೆಯಿಂದ ಹೊರದೂಡಲಾಗಿತ್ತು. ಮುಂದೆ ಹಲವು ದಶಕಗಳವರೆಗೆ ಅದು ಬಿಳಿಯರ ಕೌಂಟಿಯಾಗಿಯೇ ಉಳಿಯಿತು. ಈಶಾನ್ಯದ ಗ್ವಿನೆಟ್ ಕೌಂಟಿಯ ಮತದಾರರು ನಗರದ ಸಾರ್ವಜನಿಕ ಸಾರಿಗೆ ವ್ಯವಸ್ಥೆಯನ್ನು ತಮ್ಮಲ್ಲಿಗೆ ವಿಸ್ತರಿಸುವುದನ್ನು ೧೯೭೧ರಲ್ಲಿಯೂ ೧೯೯೦ರಲ್ಲಿಯೂ ತಿರಸ್ಕರಿಸಿದರು. ತೆರಿಗೆಯ ಭಯ ಇದಕ್ಕೆ ಒಂದು ಕಾರಣವಾದರೆ, ನಗರದ ಜನ ತಮ್ಮೂರಿಗೆ ಬಂದಾರೆಂಬ ಭಯ ಇನ್ನೊಂದು ಕಾರಣವಾಗಿತ್ತು.

೩. ನಿವಾಸಿಗಳ ಬದಲಾವಣೆ

ಇಷ್ಟಾದರೂ ಜನ ಬಂದರು. ೧೯೬೫ರ ವಲಸೆ ಶಾಸನವು ರಾಷ್ಟ್ರಮೂಲವನ್ನು ಆಧರಿಸಿದ ಹಳೆಯ ಮಿತಿಗಳನ್ನು ತೆಗೆದುಹಾಕಿ ಏಷ್ಯದವರಿಗೆ ಬಾಗಿಲು ತೆರೆಯಿತು. ಮಧ್ಯಮ ವರ್ಗದ ಕಪ್ಪುಕುಟುಂಬಗಳು ಉತ್ತರದ ಪಟ್ಟಣಗಳಿಂದ ಅಟ್ಲಾಂಟಕ್ಕೆ ಮರಳತೊಡಗಿದವು. ಗ್ವಿನೆಟ್ ಕೌಂಟಿಯ ಜನಸಂಖ್ಯೆ ೧೯೭೦ರಲ್ಲಿ ಸುಮಾರು ೭೨ ಸಾವಿರವಿದ್ದುದು ೨೦೨೦ರ ಜನಗಣತಿಯ ವೇಳೆಗೆ ೯,೫೭,೦೬೨ಕ್ಕೆ ಏರಿತು. ೧೯೯೦ರಲ್ಲಿ ನಿವಾಸಿಗಳ ಪೈಕಿ ಹತ್ತರಲ್ಲಿ ಒಂಬತ್ತು ಪಾಲು ಬಿಳಿಯರಿದ್ದರು. ೨೦೨೦ರಲ್ಲಿ ಅವರ ಪ್ರಮಾಣ ಸುಮಾರು ಮೂರನೆಯ ಒಂದು ಪಾಲಿಗೆ ಇಳಿದಿತ್ತು. ಒಂದು ಕಾಲದಲ್ಲಿ ಕಪ್ಪುಜನರನ್ನು ಹೊರಗಟ್ಟಿದ ಫಾರ್ಸೈತಿನಲ್ಲಿಯೂ ಭಾರತೀಯ ಮೂಲದ ಎಂಜಿನಿಯರುಗಳ ಮನೆಗಳು ಸಾಲುಸಾಲಾಗಿ ಎದ್ದವು. ಕನ್ನಡಿಗರೂ ಪಾಲುಗೊಂಡಿರುವ ಈ ವಲಸೆಯನ್ನು ನಮ್ಮ ವಿದ್ಯಾರ್ಥಿಗಳು ದೂರದ ವಿದ್ಯಮಾನವೆಂದು ಭಾವಿಸಬೇಕಾಗಿಲ್ಲ.

ಮನೆಗಳು ಬದಲಾದಂತೆ ಮತಗಳೂ ಬದಲಾದವು. ಜಾರ್ಜಿಯದವರೇ ಆದ ಕಾರ್ಟರರನ್ನು ೧೯೭೬ರಲ್ಲಿ ಬೆಂಬಲಿಸಿದ್ದ ಗ್ವಿನೆಟ್ ಮತ್ತು ಕಾಬ್ ಕೌಂಟಿಗಳು ೧೯೮೦ರಿಂದ ೨೦೧೨ರವರೆಗೆ ಪ್ರತಿ ಅಧ್ಯಕ್ಷ ಚುನಾವಣೆಯಲ್ಲಿಯೂ ರಿಪಬ್ಲಿಕನ್ ಪಕ್ಷವನ್ನೇ ಆರಿಸಿದುವು. ೨೦೧೬ರಲ್ಲಿ ಎರಡೂ ಡೆಮೊಕ್ರಾಟಿಕ್ ಪಕ್ಷದ ಕಡೆಗೆ ತಿರುಗಿದವು. ಅದೇ ವರ್ಷ ಕ್ಯಾಲಿಫೋರ್ನಿಯದ ಆರೆಂಜ್ ಕೌಂಟಿಯೂ ೧೯೩೬ರ ತರುವಾಯ ಮೊದಲ ಬಾರಿಗೆ ಆ ಪಕ್ಷಕ್ಕೆ ಬಹುಮತವಿತ್ತಿತು. ಇದಕ್ಕೆ ಹೊಸಬರ ಆಗಮನವೊಂದೇ ಕಾರಣವಲ್ಲ. ಕಾಲೇಜು ಶಿಕ್ಷಣ ಪಡೆದ ಬಿಳಿಯರಲ್ಲಿ ಹಲವರು ತಮ್ಮ ಹಳೆಯ ಪಕ್ಷವನ್ನು ಬಿಟ್ಟುದೂ ಒಂದು ಕಾರಣ. ೨೦೨೦ರಲ್ಲಿ ಬೈಡನ್ ಅವರು ಜಾರ್ಜಿಯವನ್ನು ಕೇವಲ ೧೧,೭೭೯ ಮತಗಳ ಅಂತರದಿಂದ ಗೆದ್ದರು. ಈ ಕೌಂಟಿಗಳ ಬೆಂಬಲವಿಲ್ಲದೆ ಆ ಗೆಲವು ಅಸಾಧ್ಯವಾಗುತ್ತಿತ್ತು.

೪. ಗುರುತಿನ ನಿಯಮಗಳ ಪುನರುತ್ಥಾನ

ಮತಗಟ್ಟೆಯಲ್ಲಿ ಗುರುತಿನ ಪತ್ರವನ್ನು ಕೇಳುವ ಪದ್ಧತಿಯನ್ನು ಮೊದಲು ತಂದದ್ದು ಸೌತ್ ಕೆರೊಲೈನ, ೧೯೫೦ರಲ್ಲಿ. ಆದರೆ ಭಾವಚಿತ್ರ ಬೇಕೆಂಬ ನಿರ್ಬಂಧ ಆಗ ಇರಲಿಲ್ಲ. ೨೦೦೫ರಲ್ಲಿ ಜಾರ್ಜಿಯ ಮತ್ತು ಇಂಡಿಯಾನಗಳು ಭಾವಚಿತ್ರವುಳ್ಳ ಪತ್ರವನ್ನು ಕಡ್ಡಾಯಗೊಳಿಸಿದವು. ಜಾರ್ಜಿಯದಲ್ಲಿ ತತ್ಪೂರ್ವದಲ್ಲಿ ಅಂಗೀಕೃತವಾಗಿದ್ದ ಹದಿನೇಳು ಬಗೆಯ ಪತ್ರಗಳು ಆರಕ್ಕೆ ಇಳಿದವು. ಚೀಟಿಗಾಗಿ ಹಣ ಕೇಳುವುದು ತಲೆಗಂದಾಯಕ್ಕೆ ಸಮವೆಂಬ ಆಕ್ಷೇಪವನ್ನು ನ್ಯಾಯಾಲಯ ಎತ್ತಿಹಿಡಿದ ಮೇಲೆ, ೨೦೦೬ರಲ್ಲಿ ಶಾಸನವನ್ನು ತಿದ್ದಿ ಚೀಟಿಯನ್ನು ಉಚಿತವಾಗಿ ಕೊಡುವ ಏರ್ಪಾಟಾಯಿತು. ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಡಿಯಾನದ ಶಾಸನವನ್ನು ಸಿಂಧುವೆಂದು ಮಾನ್ಯಮಾಡಿತು. ಇನ್ನೊಬ್ಬರ ಹೆಸರಿನಲ್ಲಿ ಮತ ಹಾಕಿದ ಒಂದು ಪ್ರಸಂಗವೂ ಆ ಸಂಸ್ಥಾನದ ಮಟ್ಟಿಗೆ ದಾಖಲೆಯಲ್ಲಿ ಇರಲಿಲ್ಲ. ಆದರೂ ಚುನಾವಣೆಯಲ್ಲಿ ಜನರ ವಿಶ್ವಾಸವನ್ನು ಕಾಪಾಡುವುದು ಸರಕಾರದ ನ್ಯಾಯವಾದ ಹಿತಾಸಕ್ತಿಯೆಂದು ಪರಿಗಣಿಸಲಾಯಿತು.

೨೦೧೩ರ ಶೆಲ್ಬಿ ಕೌಂಟಿ ಪ್ರಕರಣವು ೧೯೬೫ರ ಶಾಸನದ ಪೂರ್ವಸಮ್ಮತಿಯ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿತು. ಈ ಶೆಲ್ಬಿಯೂ ಒಂದು ಉಪನಗರ ಪ್ರದೇಶವೆಂಬುದು ಗಮನಾರ್ಹ: ಅದು ಅಲಬಾಮದ ಬರ್ಮಿಂಗ್‌ಹ್ಯಾಮ್ ನಗರದ ಹೊರವಲಯ. ಆ ಕೌಂಟಿಗೆ ಸೇರಿದ ಕಲೀರ ಪಟ್ಟಣವು ಹೊಸ ಬಡಾವಣೆಗಳನ್ನು ತನ್ನೊಳಗೆ ಸೇರಿಸಿಕೊಂಡು ಕ್ಷೇತ್ರಗಳ ಎಲ್ಲೆಗಳನ್ನು ಬದಲಾಯಿಸಿದುದರಿಂದ ೨೦೦೮ರಲ್ಲಿ ಅಲ್ಲಿನ ಏಕೈಕ ಕಪ್ಪುಸದಸ್ಯರು ಪುರಸಭೆಯಲ್ಲಿ ತಮ್ಮ ಸ್ಥಾನವನ್ನು ಕಳೆದುಕೊಂಡಿದ್ದರು. ಕೇಂದ್ರದ ನ್ಯಾಯ ಇಲಾಖೆ ಇದಕ್ಕೆ ಸಮ್ಮತಿಯನ್ನು ನಿರಾಕರಿಸಿತ್ತು. ಮನೆಯ ನಕ್ಷೆಯೂ ಮತದ ನಕ್ಷೆಯೂ ಎಷ್ಟು ಹತ್ತಿರದ ಬಂಧುಗಳೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಜಾರ್ಜಿಯದಲ್ಲಿ ಮುಂದೆ ನೋಂದಣಿಯ ಹಂತಕ್ಕೂ ಈ ವಿವಾದ ಹರಡಿತು. ಅರ್ಜಿಯಲ್ಲಿನ ವಿವರಗಳು ವಾಹನಚಾಲನೆಯ ಪರವಾನಗಿಯ ಅಥವಾ ಸಾಮಾಜಿಕ ಭದ್ರತೆಯ ದಾಖಲೆಗಳೊಡನೆ ಅಕ್ಷರಶಃ ತಾಳೆಯಾಗಬೇಕೆಂಬ ನಿಯಮವನ್ನು ೨೦೧೭ರಲ್ಲಿ ಶಾಸನವನ್ನಾಗಿ ಮಾಡಲಾಯಿತು. ೨೦೧೮ರ ಚುನಾವಣೆಯ ಮುನ್ನ ಸುಮಾರು ೫೩ ಸಾವಿರ ಅರ್ಜಿಗಳು ತಡೆಹಿಡಿಯಲ್ಪಟ್ಟಿದ್ದವು. ಅವುಗಳಲ್ಲಿ ಬಹುಪಾಲು ಕಪ್ಪುಜನರವು. ಅಂಥವರೂ ಗುರುತಿನ ಪತ್ರವನ್ನು ತೋರಿಸಿ ಮತ ಕೊಡಬಹುದಾಗಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ಪರವಾನಗಿ ಪಡೆದ ಮೇಲೆ ಪೌರತ್ವವನ್ನು ಗಳಿಸಿದವರನ್ನು ಹಳೆಯ ದಾಖಲೆಗಳು ಪರದೇಶೀಯರೆಂದೇ ತೋರಿಸುತ್ತಿದ್ದವು. ಕನ್ನಡದ ಒಂದೇ ಹೆಸರು ರೋಮನ್ ಲಿಪಿಯಲ್ಲಿ ಎರಡು ಮೂರು ರೂಪಗಳನ್ನು ತಾಳಬಲ್ಲುದೆಂಬುದನ್ನು ಬಲ್ಲವರಿಗೆ, ಅಕ್ಷರಶಃ ತಾಳೆ ಎಂಬ ನಿಯಮದ ತೊಡಕು ಸುಲಭವಾಗಿ ಅರ್ಥವಾದೀತು. ೨೦೧೯ರಲ್ಲಿ ಈ ನಿಯಮವನ್ನು ಬಹುಮಟ್ಟಿಗೆ ಸಡಿಲಿಸಲಾಯಿತು. ೨೦೨೧ರ ಶಾಸನವು ಅಂಚೆಯ ಮೂಲಕ ಮತ ಕೊಡುವವರಿಂದ ಸಹಿಯ ಹೋಲಿಕೆಗೆ ಬದಲಾಗಿ ಗುರುತಿನ ಸಂಖ್ಯೆಯನ್ನು ಕೇಳಿತು. ಇದೇ ಸಂಸ್ಥಾನವು ೨೦೧೬ರಿಂದ ಚಾಲನಾ ಪರವಾನಗಿ ಪಡೆಯುವವರನ್ನು, ಅವರು ಬೇಡವೆನ್ನದಿದ್ದರೆ, ತಾನಾಗಿ ಪಟ್ಟಿಗೆ ಸೇರಿಸುವ ಉದಾರ ಕ್ರಮವನ್ನೂ ಕೈಕೊಂಡಿತ್ತು. ಒಂದೇ ಸರಕಾರ ಒಂದು ಕೈಯಿಂದ ಬಾಗಿಲನ್ನು ಅಗಲಿಸಿ ಇನ್ನೊಂದು ಕೈಯಿಂದ ಅಗುಳಿಯನ್ನು ಬಿಗಿಮಾಡಿದುದು ಈ ಚರಿತ್ರೆಯ ಜಟಿಲತೆಯನ್ನು ತೋರಿಸುತ್ತದೆ.

೫. ಪರಿಣಾಮದ ವಿಮರ್ಶೆ

ಈ ನಿಯಮಗಳಿಂದ ಚುನಾವಣೆಗಳ ಫಲಿತಾಂಶ ಬದಲಾಯಿತೆ? ೨೦೧೭ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಲ್ಪಸಂಖ್ಯಾತರ ಮತದಾನ ಬಹಳವಾಗಿ ಕುಗ್ಗಿತೆಂದು ಹೇಳಿತು. ಅದರ ಆಧಾರ ಸಾಲದೆಂದು ಮರುವರ್ಷವೇ ಇತರ ವಿದ್ವಾಂಸರು ತೋರಿಸಿದರು. ಕಾಂಟೋನಿ ಮತ್ತು ಪೋನ್ಸ್ ಎಂಬ ಅರ್ಥಶಾಸ್ತ್ರಜ್ಞರು ೨೦೦೮ರಿಂದ ೨೦೧೮ರವರೆಗಿನ ದೇಶವ್ಯಾಪಿ ದಾಖಲೆಗಳನ್ನು ಪರಿಶೀಲಿಸಿ, ಕಟ್ಟುನಿಟ್ಟಾದ ಗುರುತಿನ ಶಾಸನಗಳಿಂದ ಒಟ್ಟು ಮತದಾನವಾಗಲಿ ಯಾವುದೇ ವರ್ಣದವರ ಮತದಾನವಾಗಲಿ ಗಣನೀಯವಾಗಿ ಇಳಿಯಲಿಲ್ಲವೆಂದು ೨೦೨೧ರಲ್ಲಿ ಪ್ರಕಟಿಸಿದರು. ಮತ್ತೊಂದು ಕಡೆ, ಕೇಂದ್ರ ಸರಕಾರದ ಲೆಕ್ಕಪರಿಶೋಧನಾ ಕಚೇರಿಯ ೨೦೧೪ರ ವರದಿಯು ಕ್ಯಾನ್ಸಸ್ ಮತ್ತು ಟೆನೆಸಿಗಳಲ್ಲಿ ಶೇಕಡ ಎರಡು ಮೂರರಷ್ಟು ಇಳಿತವನ್ನು ಗುರುತಿಸಿತು. ಶಾಸನದ ಪರವಾಗಿ ಹೇಳುವ ಅಪಾಯವೂ ಅಷ್ಟೇ ಅಲ್ಪ: ೨೦೦೦ದಿಂದ ೨೦೧೪ರವರೆಗೆ ಚಲಾವಣೆಯಾದ ನೂರು ಕೋಟಿಗೂ ಮಿಕ್ಕಿದ ಮತಗಳಲ್ಲಿ ಅನ್ಯರ ಹೆಸರಿನಲ್ಲಿ ಮತ ಹಾಕಿದ ನಂಬತಕ್ಕ ಆರೋಪಗಳು ಕೇವಲ ೩೧ ಎಂದು ಕಾನೂನಿನ ಪ್ರಾಧ್ಯಾಪಕ ಲೆವಿಟ್ ಅವರು ಎಣಿಸಿದ್ದಾರೆ. ಹೀಗೆ ಎರಡು ಪಕ್ಷಗಳೂ ಗುರುತಿನ ಚೀಟಿಗೆ ಅದರ ಶಕ್ತಿಗೆ ಮೀರಿದ ಮಹಿಮೆಯನ್ನು ಆರೋಪಿಸಿವೆ.

ಉಪನಗರಗಳ ಉದಾಹರಣೆ ಇದನ್ನೇ ದೃಢಪಡಿಸುತ್ತದೆ. ಗ್ವಿನೆಟ್ ಮತ್ತು ಕಾಬ್ ಕೌಂಟಿಗಳು ಪಕ್ಷ ಬದಲಾಯಿಸಿದ್ದು ದೇಶದ ಅತಿ ಕಟ್ಟುನಿಟ್ಟಾದ ಶಾಸನಗಳಲ್ಲೊಂದು ಜಾರಿಯಲ್ಲಿರುವಾಗಲೇ. ಹಾಗೆಂದು ಜನಸಂಖ್ಯೆಯೇ ವಿಧಿಯೆಂದು ನಂಬುವುದೂ ತಪ್ಪು: ೨೦೨೪ರಲ್ಲಿ ಈ ಕೌಂಟಿಗಳು ಡೆಮೊಕ್ರಾಟರ ಕಡೆಗೇ ನಿಂತರೂ ಜಾರ್ಜಿಯವನ್ನು ಟ್ರಂಪ್ ಅವರು ಮತ್ತೆ ಗೆದ್ದರು.

ಆದರೆ ಫಲಿತಾಂಶ ಬದಲಾಗಲಿಲ್ಲವೆಂಬುದರಿಂದ ಯಾರಿಗೂ ಅನ್ಯಾಯವಾಗಲಿಲ್ಲವೆಂದು ಸಿದ್ಧವಾಗುವುದಿಲ್ಲ. ಸರಾಸರಿಯ ಲೆಕ್ಕದಲ್ಲಿ ಒಬ್ಬೊಬ್ಬ ಪ್ರಜೆಯ ಪಾಡು ಕಾಣಿಸದು. ಹೆಸರಿನ ಒಂದು ಅಕ್ಷರ ತಾಳೆಯಾಗದೆ ಹೋದ ನವಪ್ರಜೆಗೆ, ಕಾರು ಇಲ್ಲದ ಮುದುಕಿಗೆ, ಬಾಡಿಗೆಯ ಮನೆಯಿಂದ ಮನೆಗೆ ಅಲೆಯುವ ಕೆಲಸಗಾರನಿಗೆ ತಾನು ಇಲ್ಲಿಯವನೆಂದು ತೋರಿಸಿಕೊಡುವ ಭಾರ ಇತರರಿಗಿಂತ ಹೆಚ್ಚು. ಗುರುತು ಕೇಳುವುದರಲ್ಲಿ ದೋಷವಿಲ್ಲ. ಭಾವಚಿತ್ರದ ನಿಯಮವನ್ನು ಅಮೆರಿಕದ ಜನರಲ್ಲಿ ಐದರಲ್ಲಿ ನಾಲ್ಕು ಪಾಲು ಒಪ್ಪುತ್ತಾರೆಂದು ೨೦೨೨ರ ಗ್ಯಾಲಪ್ ಸಮೀಕ್ಷೆ ತಿಳಿಸಿತು. ಕೇಳುವ ಸರಕಾರವೇ ಗುರುತನ್ನು ಪ್ರತಿಯೊಬ್ಬರ ಕೈಗೂ ಮುಟ್ಟಿಸುವ ಹೊಣೆಯನ್ನು ಹೊತ್ತಿದೆಯೆ ಎಂಬುದರಿಂದ ಅದರ ನ್ಯಾಯಾನ್ಯಾಯವನ್ನು ಅಳೆಯಬೇಕು.

ಒಂದು ಕಾಲದಲ್ಲಿ ಉಪನಗರದ ಬಾಗಿಲಲ್ಲಿ ನಿಂತು 'ನೀನಾರು' ಎಂದು ಕೇಳಿದ್ದು ಮನೆಯ ಕರಾರುಪತ್ರ. ಆ ಪತ್ರದ ಬಲ ಅಳಿದ ಮೇಲೆ ಆ ಪ್ರಶ್ನೆ ಮತಗಟ್ಟೆಯಲ್ಲಿ ಕೇಳಿಬರುತ್ತಿದೆ. ಎರಡೂ ಸಮಾನವೆಂದು ಹೇಳುವುದು ಇತಿಹಾಸಕ್ಕೆ ಅಪಚಾರವಾದೀತು: ಮೊದಲನೆಯದು ಹೊರಗಿಡುವುದಕ್ಕೆಂದೇ ಹುಟ್ಟಿತು, ಎರಡನೆಯದಕ್ಕೆ ನ್ಯಾಯವಾದ ಉದ್ದೇಶವೂ ಇರಬಹುದು. ಆದರೆ ಮೊದಲ ಪ್ರಶ್ನೆಯನ್ನು ಕೇಳಿಸಿಕೊಂಡವರ ಮಕ್ಕಳು ಎರಡನೆಯದನ್ನು ಕೇಳಿದಾಗ ಶಂಕೆಗೊಳ್ಳುವುದು ಏಕೆಂಬುದನ್ನು ಈ ಚರಿತ್ರೆಯನ್ನು ಬಿಟ್ಟು ತಿಳಿಯಲು ಸಾಧ್ಯವಿಲ್ಲ.