ಮಧುಮೇಹ ಪಾದ

ಸಕ್ಕರೆ ಕಾಯಿಲೆಯಿಂದ ಕಾಲಿನ ನರ, ರಕ್ತನಾಳಗಳು ಹಾಳಾಗಿ ಪಾದದಲ್ಲಿ ಉಂಟಾಗುವ ಹುಣ್ಣು, ಸೋಂಕು, ಮೂಳೆ ವಿಕಾರಗಳಿಗೆ ಒಟ್ಟಾಗಿ ಇರುವ ಹೆಸರು. ಸಣ್ಣ ಗಾಯವನ್ನೂ ಗಂಭೀರವಾಗಿಸುವ ಕಾರಣಗಳಲ್ಲಿ ಮುಖ್ಯವಾದುದು ಸ್ಪರ್ಶಜ್ಞಾನದ ನಷ್ಟ. ಚಪ್ಪಲಿ ತೂರಿ ಬಂದ ಮೊಳೆಯಾಗಲಿ, ಬೇಸಿಗೆಯ ಪ್ರದಕ್ಷಿಣೆಯಲ್ಲಿ ಕಾದ ಕಲ್ಲುಹಾಸಾಗಲಿ ರೋಗಿಗೆ ಗೊತ್ತೇ ಆಗುವುದಿಲ್ಲ; ಕಾಲ್ಚೀಲಕ್ಕೆ ಕೀವು ಅಂಟಿದಾಗಲೇ ಮನೆಯವರ ಕಣ್ಣಿಗೆ ಬೀಳುತ್ತದೆ. ನೋವಿಲ್ಲವೆಂಬ ಸಮಾಧಾನವೇ ಇಲ್ಲಿ ದೊಡ್ಡ ಅಪಾಯ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ವೈದ್ಯರು ಸ್ಪರ್ಶಜ್ಞಾನವನ್ನು ಪರೀಕ್ಷಿಸುತ್ತಾರೆ.

ರಕ್ತನಾಳ ಕಿರಿದಾದರೆ ಗಾಯ ಮಾಯುವುದಿಲ್ಲ, ಕೊಟ್ಟ ಔಷಧವೂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಬೀಡಿ, ಸಿಗರೇಟು ಇದನ್ನು ಇನ್ನಷ್ಟು ಕೆಡಿಸುತ್ತವೆ. ಮೂತ್ರಪಿಂಡ ವೈಫಲ್ಯ, ಮಂದದೃಷ್ಟಿ, ಸೊಟ್ಟಗಾದ ಬೆರಳು, ಆಣಿ ಇವೂ ಅಪಾಯ ಹೆಚ್ಚಿಸುತ್ತವೆ. ಒಮ್ಮೆ ಹುಣ್ಣಾಗಿ ಮಾಗಿದ ಪಾದದಲ್ಲಿ ಅದು ಮತ್ತೆ ಕಾಣಿಸಿಕೊಳ್ಳುವ ಸಂಭವ ಬಹಳ.

ಸ್ಪರ್ಶವಿಲ್ಲದ ಪಾದದ ಬಗೆಗಿನ ತಿಳಿವಳಿಕೆಗೆ ಕುಷ್ಠರೋಗ ಚಿಕಿತ್ಸೆಯ ಋಣವಿದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರವೈದ್ಯರಾಗಿದ್ದ ಪಾಲ್ ಬ್ರ್ಯಾಂಡ್ ಅಲ್ಲಿ ಕುಷ್ಠರೋಗಿಗಳ ಪಾದಗಳ ಬಗ್ಗೆ ಕಂಡುಕೊಂಡದ್ದು ಮುಂದೆ ಮಧುಮೇಹಿಗಳಿಗೂ ಅನ್ವಯಿಸಿತು. ಇಂದು ಸೂಚಿಸುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯ ಮೆತ್ತನೆಯ ರಬ್ಬರ್ ಅಂಗಾಲಿನ ಒತ್ತಡವನ್ನು ಹಂಚುತ್ತದೆ.

ಆಣಿಯನ್ನು ಬ್ಲೇಡಿನಿಂದ ಮನೆಯಲ್ಲೇ ಕೊಯ್ಯಬಾರದು. ಮರಗಟ್ಟಿದ ಕಾಲಿಗೆ ಬಿಸಿನೀರಿನ ಶಾಖ ಕೊಡಬಾರದು. ಪಾದ ಕಪ್ಪಾದರೆ, ದುರ್ವಾಸನೆ ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.